ಅಳದವಳ ಸಾಕ್ಷಿ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಸರ್ಕಾರಿ ವಕೀಲರೊಬ್ಬರ ಕೈಕೆಳಗೆ ಜೂನಿಯರ್ ಆಗಿದ್ದೆ. ಚಾಮರಾಜಪೇಟೆಯ ನಮ್ಮ ಮನೆಯಿಂದ ಕೋರ್ಟಿಗೆ ನಡೆದೇ ಹೋಗುತ್ತಿದ್ದೆ. ಕರಿ ಕೋಟು ಹಾಕಿಕೊಂಡೇ ಹೊರಟರೆ ಬೀದಿಯವರು ಆಡಿಕೊಳ್ಳುತ್ತಾರೆಂದು ನಮ್ಮಮ್ಮ ಅದನ್ನು ಚೀಲದಲ್ಲಿ ಮಡಿಸಿ ಕೊಡುತ್ತಿದ್ದಳು. ಮಗಳು ದಿನವಿಡೀ ಕಳ್ಳರು ಕೊಲೆಗಡುಕರ ನಡುವೆ ಇರುತ್ತಾಳೆಂಬುದು ಅವಳ ಸಂಕಟ. ಕಳ್ಳರು ಕೊಲೆಗಡುಕರ ಮೇಲೆ ನನಗೆ ಅಂಥ ದೂರೇನೂ ಇರಲಿಲ್ಲ. ನನ್ನ ಹೊಟ್ಟೆ ಉರಿಸಿದವರೆಲ್ಲ ಇಸ್ತ್ರಿ ಮಾಡಿದ ಬಿಳಿ ಪಂಚೆಯ ಮರ್ಯಾದಸ್ಥರು.

ಅಂಥ ಒಬ್ಬ ಮರ್ಯಾದಸ್ಥನಿಗೆ ಮಲ್ಲೇಶ್ವರಂನಲ್ಲಿ, ಮಹಡಿಯ ಮೇಲೆ, ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಬೆಳಗಿನ ಜಾವಕ್ಕೇ ಮೊದಲ ಬ್ಯಾಚು ಶುರು. ಹಾಲು ತರಲು ಹೋದವರಿಗೆ ಆ ಟಕಟಕ ಸದ್ದು ಕೆಳಗಿನ ಬೀದಿಗೇ ಕೇಳುತ್ತಿತ್ತು. ಎಸ್ಸೆಸ್ಸೆಲ್ಸಿ ಪಾಸಾದ, ಫೇಲಾದ ಬಡ ಮನೆಯ ಹುಡುಗಿಯರಿಗೆಲ್ಲ ಆಗ ಇದ್ದದ್ದು ಅದೊಂದೇ ದಾರಿ. ಟೈಪಿಂಗಿನಲ್ಲಿ ಜೂನಿಯರ್ ಪರೀಕ್ಷೆ ಪಾಸಾದರೆ ಯಾವುದಾದರೂ ಆಫೀಸಿನಲ್ಲಿ ಒಂದು ಕುರ್ಚಿ ಸಿಕ್ಕೀತು ಎಂಬ ಆಸೆ. ಸೇರಲು ಬಂದ ಹುಡುಗಿಯನ್ನು ಮೇಷ್ಟ್ರು ಮೊದಲು ಕೇಳುತ್ತಿದ್ದ ಪ್ರಶ್ನೆ, ಅಪ್ಪ ಏನು ಮಾಡುತ್ತಾರೆ ಎಂದು. ಅಪ್ಪ ಇಲ್ಲ ಎಂದರೆ ಫೀಸು ಇಲ್ಲ. ಅಪ್ಪ ಕುಡಿಯುತ್ತಾರೆ ಎಂದರೂ ಫೀಸು ಇಲ್ಲ. ಅಪ್ಪ ಬ್ಯಾಂಕಿನಲ್ಲಿದ್ದಾರೆ ಎಂದರೆ ತಿಂಗಳ ಒಂದನೇ ತಾರೀಕೇ ಫೀಸು ಕಟ್ಟಬೇಕು. ಇದನ್ನು ಊರಿನವರು ದಾನಬುದ್ಧಿ ಎಂದು ಹೊಗಳುತ್ತಿದ್ದರು. ಪಕ್ಕದ ಬೀದಿಯ ಅಮ್ಮನವರ ದೇವಸ್ಥಾನದ ಕಮಿಟಿಯಲ್ಲೂ ಅವನಿಗೊಂದು ಸ್ಥಾನ ಕೊಟ್ಟಿದ್ದರು. ಬೇಟೆಗಾರ ಬಲೆ ಹಾಕುವ ಜಾಗ ಆರಿಸುತ್ತಿದ್ದಾನೆಂದು ಒಬ್ಬರಿಗೂ ಹೊಳೆಯಲಿಲ್ಲ.

ನಮ್ಮ ಸಾಕ್ಷಿ ವೈಯಾಲಿಕಾವಲ್‌ನ ಒಂದು ವಠಾರದ ಹುಡುಗಿ. ಅಪ್ಪ ಮಿಲ್ಲಿನಲ್ಲಿದ್ದವನು, ತೀರಿಕೊಂಡಿದ್ದ. ತಾಯಿ ಒಂದು ಶಾಲೆಯಲ್ಲಿ ಆಯಾ. ಹುಡುಗಿ ಲೆಕ್ಕದಲ್ಲಿ ಫೇಲಾಗಿ ಟೈಪಿಂಗಿಗೆ ಸೇರಿದಾಗ ಅವಳಿಗೆ ಹದಿನೈದೂ ತುಂಬಿರಲಿಲ್ಲ. ಮೇಷ್ಟ್ರು ಅವಸರ ಮಾಡಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆಯುವವನ ಹಾಗೆ ಒಂದು ವರ್ಷ ತೆಗೆದುಕೊಂಡ. ಮೊದಲು ಎಲ್ಲರೆದುರು ಅವಳ ಬೆರಳಿನ ವೇಗ ಹೊಗಳಿದ. ಆಮೇಲೆ ಮನೆಯಿಂದ ಫ್ಲಾಸ್ಕಿನಲ್ಲಿ ತಂದ ಕಾಫಿಯಲ್ಲಿ ಅವಳಿಗೂ ಅರ್ಧ ಲೋಟ. ಆಮೇಲೆ ಒಂದು ಪೆನ್ನು, ಬೇರೆ ಹುಡುಗಿಯರು ಹೊಟ್ಟೆಕಿಚ್ಚು ಪಡುತ್ತಾರೆ, ಹೇಳಬೇಡ ಎಂಬ ಮಾತಿನ ಜೊತೆಗೆ. ಗುಟ್ಟಿಟ್ಟುಕೊಳ್ಳುವುದನ್ನು ಅಲ್ಲಿಂದ ಕಲಿಸಿದ. ನಿಮ್ಮಮ್ಮ ನಿನ್ನನ್ನೂ ಆಯಾ ಕೆಲಸಕ್ಕೇ ಹಾಕುವುದು, ವಿಧಾನಸೌಧದಲ್ಲಿ ಕೂರಿಸುವುದು ನಾನು ಎಂದು ಹೇಳಿ ಹೇಳಿ ತಾಯಿಯಿಂದ ಬಿಡಿಸಿದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯಲಿ ಎಂದು ಬೀಗದ ಕೈ ಅವಳ ಕೈಗೆ ಕೊಟ್ಟ. ದೀಪಾವಳಿಗೆ ಒಂದು ಜೊತೆ ಚಿನ್ನದ ಓಲೆ. ಆ ಹೊತ್ತಿಗೆ, ಬೇಡ ಎನ್ನುವ ಮಾತು ಒಂದಿದೆ ಎಂಬುದನ್ನೇ ಅವಳು ಮರೆತಿದ್ದಳು. ನಂತರದ್ದನ್ನು ನಾನು ಬರೆಯುವುದಿಲ್ಲ. ಅವಳು ಒಮ್ಮೆ ತುಂಬಿದ ಕೋರ್ಟಿನಲ್ಲಿ ಹೇಳಬೇಕಾಯಿತು, ಅದೇ ಜಾಸ್ತಿಯಾಯಿತು.

ಆ ಒಂದು ವರ್ಷದ ಬೇಟೆಗೆ ಕಾನೂನಿನಲ್ಲಿ ಆಗ ಹೆಸರಿರಲಿಲ್ಲ. ಕಾಫಿ ಕೊಡುವುದು ಅಪರಾಧವಲ್ಲ, ಪೆನ್ನು ಕೊಡುವುದು ಅಪರಾಧವಲ್ಲ. ಕೊನೆಯ ಒಂದು ಕೃತ್ಯಕ್ಕೆ ಮಾತ್ರ ಸೆಕ್ಷನ್ ಇತ್ತು. ಅದಕ್ಕೆ ಅವಳನ್ನು ಬಿಟ್ಟರೆ ಸಾಕ್ಷಿಯಿಲ್ಲ. ಓಲೆಯೊಂದಿದ್ದರೆ ಆ ವರ್ಷವನ್ನು ಜಡ್ಜ್ ಕಣ್ಣೆದುರು ಹಿಡಿಯಬಹುದಿತ್ತು. ಓಲೆ ಇರಲಿಲ್ಲ.

ಓಲೆಯನ್ನು ಮೊದಲು ಕಂಡದ್ದು ತಾಯಿಯೇ. ಮಗಳ ಬಟ್ಟೆಯ ಟ್ರಂಕಿನಲ್ಲಿ, ಹಳೆಯ ಲಂಗದ ಮಡಿಕೆಯಲ್ಲಿತ್ತು. ಎರಡು ಏಟು ಬಿದ್ದ ಮೇಲೆ ಹುಡುಗಿ ಎಲ್ಲವನ್ನೂ ಹೇಳಿದಳು. ತಾಯಿ ಕೂಗಾಡಲಿಲ್ಲ. ವಠಾರದಲ್ಲಿ ಗೋಡೆಗಳು ತೆಳು. ಹಂಡೆಗೆ ಉರಿ ಹಾಕಿ ಮಗಳಿಗೆ ತಲೆಯ ಮೇಲೆ ನೀರು ಹೊಯ್ದಳು. ಓಲೆಯನ್ನು ಒಂದು ಚೂರು ಬಟ್ಟೆಯಲ್ಲಿ ಗಂಟು ಹಾಕಿ ಮುಂದೆ ಇಟ್ಟುಕೊಂಡು ಕೂತಳು. ಆ ಹೊತ್ತಿನಲ್ಲಿ ತಾನು ಏನು ಯೋಚಿಸಿದೆ ಎಂಬುದನ್ನು ಆಮೇಲೆ ನನಗೆ ಹೇಳಿದಳು.

"ಮನೇಲಿಟ್ಕೊಳಕ್ಕಾಗಲ್ಲ ಕಣಮ್ಮ, ಪಾಪದ್ದು. ಬೀದಿಗೆ ಬಿಸಾಕಕ್ಕಾಗಲ್ಲ, ಚಿನ್ನ, ಲಕ್ಷ್ಮಿ. ಮಾರಿದ್ರೆ ಆ ದುಡ್ಡಲ್ಲಿ ಅನ್ನ ತಿನ್ಬೇಕು. ಅವ್ನಿಗೇ ವಾಪಸ್ ಕೊಡೋಣ ಅಂದ್ರೆ ಆ ಮೆಟ್ಲು ಮತ್ತೆ ಹತ್ಬೇಕು. ಇನ್ನೇನ್ಮಾಡ್ಲಿ?"

ಅವಳು ಮಾಡಿದ್ದು, ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡುತ್ತಿದ್ದದ್ದೇ. ಇಟ್ಟುಕೊಳ್ಳಲೂ ಆಗದ, ಬಿಡಲೂ ಆಗದ ವಸ್ತುವಿಗೆ ನಮ್ಮಲ್ಲಿ ಇರುವುದು ಒಂದೇ ಜಾಗ. ಸಂಜೆ ದೇವಸ್ಥಾನಕ್ಕೆ ಹೋಗಿ ಗಂಟನ್ನು ಹುಂಡಿಗೆ ಹಾಕಿ, ಕೈ ಮುಗಿದು, ತೀರ್ಥ ತೆಗೆದುಕೊಂಡು ಬಂದಳು. ಹತ್ತಿರ ಎಂದು ಅಮ್ಮನವರ ದೇವಸ್ಥಾನಕ್ಕೇ ಹೋದಳು. ಕಮಿಟಿಯಲ್ಲಿ ಯಾರಿದ್ದಾರೆಂದು ಆಯಾ ಕೆಲಸದವಳಿಗೆ ಯಾರು ಹೇಳಿರುತ್ತಾರೆ? ವಾರದ ಮೇಲೆ ಶಾಲೆಯ ಹೆಡ್‌ಮಿಸ್ಟ್ರೆಸ್ ಅವಳ ಮುಖ ನೋಡಿ ವಿಷಯ ತೆಗೆಸಿ, ಕೈ ಹಿಡಿದು ಪೊಲೀಸ್ ಸ್ಟೇಷನ್ನಿಗೆ ಕರೆದೊಯ್ದರು. ಇಲ್ಲದಿದ್ದರೆ ಕೇಸೇ ಇರುತ್ತಿರಲಿಲ್ಲ.

ಮೇಷ್ಟ್ರು ಅರೆಸ್ಟಾದ, ಬೇಗನೆ ಬೇಲೂ ಸಿಕ್ಕಿತು. ಇನ್‌ಸ್ಟಿಟ್ಯೂಟ್ ಒಂದು ದಿನವೂ ಮುಚ್ಚಲಿಲ್ಲ. ಆರೋಪ ಸಾಬೀತಾಗಿಲ್ಲವಲ್ಲ ಎಂದು ದೇವಸ್ಥಾನದ ಕಮಿಟಿಯೂ ಅವನನ್ನು ಉಳಿಸಿಕೊಂಡಿತು. ಫೈಲು ನಮ್ಮ ಕೈಗೆ ಬಂದಾಗ ಹುಂಡಿಯ ಸಂಗತಿ ನೋಡಿ ನನ್ನ ಸೀನಿಯರ್ ಹಣೆ ಹಣೆ ಚಚ್ಚಿಕೊಂಡರು. ತಕ್ಷಣ ಇನ್‌ಸ್ಪೆಕ್ಟರನ್ನು ಕರೆದುಕೊಂಡು ಹೋಗಿ ವಿಚಾರಿಸು ಎಂದು ನನ್ನನ್ನು ಕಳಿಸಿದರು. ಗುರುತು ಹಿಡಿಯಲಿ ಎಂದು ತಾಯಿ ಮಗಳನ್ನೂ ಕರೆದೊಯ್ದೆವು.

ಕಮಿಟಿಯ ಕಾರ್ಯದರ್ಶಿ ಒಳ್ಳೆಯ ಮಾತಿನವರು. ಕೂತ್ಕೊಳಿ ಎಂದರು, ಕಾಫಿ ತರಿಸಲಾ ಎಂದರು. ಹುಂಡಿಗೆ ಬಿದ್ದದ್ದು ಅಮ್ಮನವರ ಸೊತ್ತು, ಅದು ಹೊರಗೆ ಬರುವ ಪದ್ಧತಿಯೇ ಇಲ್ಲ ಎಂದರು. ಅಷ್ಟಕ್ಕೂ ಈ ಸಲದ ನವರಾತ್ರಿಗೆ ಮುಂಚೆಯೇ ಹುಂಡಿ ಒಡೆದಾಗಿತ್ತು. ಬಿದ್ದ ಚಿನ್ನವನ್ನೆಲ್ಲ ಅಕ್ಕಸಾಲಿಗೆ ಕೊಟ್ಟು ಕರಗಿಸಿ ಅಮ್ಮನವರಿಗೆ ಹೊಸ ಒಡವೆ ಮಾಡಿಸಿದ್ದರು. ಮುಂದೆ ನಿಂತು ಮಾಡಿಸಿದವರು ಯಾರು ಎಂದು ಇನ್‌ಸ್ಪೆಕ್ಟರ್ ಕೇಳಿದರು. ಕಾರ್ಯದರ್ಶಿ, "ನಮ್ ಮೇಷ್ಟ್ರೇ" ಎಂದರು.

ಬೇಲ್ ಮೇಲೆ ಹೊರಗಿದ್ದವನು ಚಾಪೆಯ ಮೇಲೆ ಕೂತು, ಭಕ್ತರ ಕಾಣಿಕೆ ಬಿಡಿಸುತ್ತ, ತಾನು ಕೊಟ್ಟ ಓಲೆಯನ್ನು ತಾನೇ ಆರಿಸಿ ಅಕ್ಕಸಾಲಿಯ ಕೈಗೆ ಹಾಕಿದ್ದ. ಕಂಡಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವವಳಲ್ಲ. ನನಗೆ ಅಲ್ಲೇ ಯಾರನ್ನಾದರೂ ಹೊಡೆಯಬೇಕೆನ್ನಿಸಿತು. ಕಾರ್ಯದರ್ಶಿ ಹತ್ತಿರವಿದ್ದರು, ಅವರನ್ನೇ ಹೊಡೆಯಬಹುದಿತ್ತು. ನಾವು ಬಂದದ್ದೇಕೆಂದು ಗೊತ್ತಿಲ್ಲದ ಅರ್ಚಕರು ಬನ್ನಿ ತಾಯಿ ದರ್ಶನ ಮಾಡಿ ಎಂದು ಮಂಗಳಾರತಿ ಎತ್ತಿದರು. ಆ ಬೆಳಕಿನಲ್ಲಿ ಅಮ್ಮನವರ ಎರಡೂ ಕಿವಿಯಲ್ಲಿ ಹೊಸ ಜುಮುಕಿ ಹೊಳೆದವು. ತಾಯಿ ಕೆನ್ನೆಗೆ ಬಡಿದುಕೊಂಡು ಕೈ ಮುಗಿದಳು. ಹುಡುಗಿ ಕೈ ಮುಗಿಯಲಿಲ್ಲ.

"ಅಮ್ಮನವ್ರಿಗೂ ಓಲೆ ಕೊಟ್ಟಿದಾನೆ, ಪಾಪ" ಎಂದಳು.

ಅರ್ಚಕರು ಏನೋ ಭಕ್ತಿಯ ಮಾತೆಂದುಕೊಂಡು ಅವಳಿಗೊಂದು ಹೂವು ಕೊಟ್ಟರು. ಮೇಷ್ಟ್ರಿಗೆ ಓಲೆ ಮಾರಿದ್ದ ಒಡವೆ ಅಂಗಡಿಯವನು ಮೊದಲು ನೆನಪಿದೆ ಎಂದಿದ್ದವನು, ಹುಂಡಿಯ ಕಥೆ ಹಬ್ಬಿದ ಮೇಲೆ ನೆನಪಿಲ್ಲ ಎಂದ. ಉಳಿದದ್ದು ಹುಡುಗಿಯ ಬಾಯಿ ಮಾತು.

ಇಂಥ ಕೇಸನ್ನು ಬಾಗಿಲು ಹಾಕಿ ನಡೆಸಬೇಕೆಂಬ ಕಟ್ಟುನಿಟ್ಟು ಆಗ ಇರಲಿಲ್ಲ. ಜಡ್ಜ್ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅವತ್ತು ಅವರು ಮನಸ್ಸು ಮಾಡಲಿಲ್ಲ. ಸಿವಿಲ್ ದಾವೆಗೆ ಬಂದವರು, ಕೆಲಸವಿಲ್ಲದ ವಕೀಲರು, ಕಡಲೆಕಾಯಿ ತಿನ್ನುತ್ತ ಹೊತ್ತು ಕಳೆಯುವವರು ಎಲ್ಲರೂ ಬಂದು ಬೆಂಚು ತುಂಬಿಸಿದರು. ಕೊಲೆ ಕೇಸಿಗೂ ನಾನು ಅಷ್ಟು ಜನ ಕಂಡಿರಲಿಲ್ಲ. ನಡುವೆ ಆ ಹುಡುಗಿ, ತಾಯಿಯ ಸೀರೆಯುಟ್ಟು, ಕಟಕಟೆಯಲ್ಲಿ ನಿಂತಿದ್ದಳು. ಕೃತ್ಯ ನಡೆದಾಗ ಅವಳಿಗೆ ಹದಿನಾರು ತುಂಬಿರಲಿಲ್ಲವಾದ್ದರಿಂದ ಒಪ್ಪಿಗೆಯಿತ್ತೋ ಇಲ್ಲವೋ ಎಂಬ ಪ್ರಶ್ನೆ ಕಾನೂನಿನ ಪ್ರಕಾರ ಏಳಲೇಬಾರದು. ಆದರೂ ಎರಡು ದಿನ ಏಳುತ್ತಲೇ ಇತ್ತು.

ಟೈಪಿಂಗ್ ಕಲಿಯುವವರು ಬೆರಳು ನೋಡಬಾರದು, ಎದುರಿನ ಹಾಳೆಯನ್ನೇ ನೋಡಬೇಕು. ಅವಳು ಹಾಗೆಯೇ ಎದುರಿನ ಗೋಡೆಯ ಒಂದು ಕಲೆಯನ್ನು ನೋಡುತ್ತ, ಒಂದೇ ಸಮನೆ, ಎಲ್ಲವನ್ನೂ ಹೇಳಿದಳು. ಹೇಳಲಾಗದ ಜಾಗದಲ್ಲೂ ನಿಲ್ಲಲಿಲ್ಲ, ದನಿ ಏರಲಿಲ್ಲ. ಅವನ ವಕೀಲ ಎದ್ದು ನಿಂತ. ನಗುಮುಖದವನು, ಬಾರ್ ರೂಮಿನಲ್ಲಿ ನನಗೆ ಎಷ್ಟೋ ಸಲ ಕಾಫಿ ಕೊಡಿಸಿದ್ದವನು.

"ಫೀಸು ಕೊಡ್ದೆ ಕಲ್ತೆ?"

"ಹೂಂ."

"ಕಾಫಿ ಕುಡ್ದೆ, ಪೆನ್ನು ತಗೊಂಡೆ. ಬೇಡ ಅನ್ಲಿಲ್ಲ?"

"ಅನ್ಲಿಲ್ಲ."

"ಓಲೆ ಕೊಟ್ರು ಅಂತೀಯ. ಎಲ್ಲಿ ತೋರ್ಸು."

"ಅಮ್ಮ ಹುಂಡಿಗೆ ಹಾಕಿದ್ರು."

ಬೆಂಚಿನವರು ನಕ್ಕರು. ವಕೀಲ ಜಡ್ಜ್ ಕಡೆ ತಿರುಗಿ, "ಹಂಗಾದ್ರೆ ಅಮ್ಮನವ್ರಿಗೇ ಸಮನ್ಸ್ ಕಳಿಸ್ಬೇಕು ಸ್ವಾಮಿ" ಎಂದ. ಜಡ್ಜ್ ಕೂಡ ಮೀಸೆಯಡಿಯಲ್ಲಿ ನಕ್ಕದ್ದನ್ನು ನಾನು ನೋಡಿದೆ. ಹುಡುಗಿ ಕಲೆಯಿಂದ ಕಣ್ಣು ತೆಗೆಯಲಿಲ್ಲ. ಕೊನೆಗೆ ಇನ್ನೇನಾದರೂ ಹೇಳುವುದಿದೆಯೇ ಎಂದು ಜಡ್ಜ್ ಕೇಳಿದಾಗ, "ಬೆಳಿಗ್ಗೆ ಬ್ಯಾಚಲ್ಲಿ ಈಗ ನನಗಿಂತ ಚಿಕ್ಕ ಹುಡುಗಿ ಒಬ್ಳು ಬಾಗ್ಲು ತೆಗೀತಾಳೆ. ಅವಳ ಹತ್ರ ಬೀಗದ ಕೈ ಇಸ್ಕೊಳಿ" ಎಂದಳು. ಅದು ಈ ಕೇಸಿಗೆ ಸಂಬಂಧಪಟ್ಟದ್ದಲ್ಲ ಎಂದು ಜಡ್ಜ್ ಬರೆಸಿಕೊಳ್ಳಲಿಲ್ಲ.

ತೀರ್ಪಿನ ದಿನ ಮೇಷ್ಟ್ರು ಬಿಡುಗಡೆಯಾದ. ಸಂಶಯದ ಲಾಭ. ತೀರ್ಪನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ ಒಂದು ಭಾಗ ಇವತ್ತಿಗೂ ಬಾಯಿಗೆ ಬರುತ್ತದೆ. ಹುಡುಗಿ ಪಾಠ ಒಪ್ಪಿಸುವವಳಂತೆ ಹೇಳಿದಳು. ಮಾನವಂತ ಮನೆಯ ಹೆಣ್ಣುಮಗು ಇಂಥ ಸಂಗತಿಯನ್ನು ಹೇಳುವಾಗ ಸಹಜವಾಗಿ ಕಾಣುವ ಲಜ್ಜೆಯಾಗಲಿ ಕಣ್ಣೀರಾಗಲಿ ಅವಳಲ್ಲಿ ಕಾಣಲಿಲ್ಲ. ಹಾಗಾಗಿ ಅವಳ ಮಾತೊಂದನ್ನೇ ನಂಬಿ ಸಮಾಜದಲ್ಲಿ ಗೌರವಸ್ಥನಾದವನನ್ನು ಶಿಕ್ಷಿಸುವುದು ಕ್ಷೇಮವಲ್ಲ. ಜಡ್ಜ್ ಲಂಚ ತಿಂದವರಲ್ಲ, ಕೆಟ್ಟವರಲ್ಲ. ಸಂಜೆ ಮಕ್ಕಳನ್ನು ಕರೆದುಕೊಂಡು ಲಾಲ್‌ಬಾಗಿನಲ್ಲಿ ವಾಕಿಂಗ್ ಹೋಗುವವರು. ಕೆಟ್ಟವರಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಕಾರಿಡಾರಿನಲ್ಲಿ ಹುಡುಗಿ ಕೇಳಿದಳು, "ಅಕ್ಕ, ಅತ್ತಿದ್ರೆ ಜೈಲಾಗ್ತಿತ್ತಾ?"

ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ. "ಆಗ್ತಿತ್ತೇನೋ" ಎಂದೆ.

"ಅಳಬಾರ್ದು ಅಂತ ಎಷ್ಟು ಕಷ್ಟ ಪಟ್ಟೆ ಗೊತ್ತಾ? ಅವನ ಮುಂದೆ ಅಳಬಾರ್ದು ಅಂತ" ಎಂದಳು. ಮೆಟ್ಟಿಲ ಕೆಳಗೆ ಕಮಿಟಿಯವರು ಮೇಷ್ಟ್ರಿಗೆ ಹಾರ ಹಾಕುತ್ತಿದ್ದರು. ನಾವು ಹಿಂದಿನ ಬಾಗಿಲಿನಿಂದ ಹೊರಟೆವು.

ಅಪೀಲು ಹೋಗಬೇಕೆಂದು ನನ್ನ ಸೀನಿಯರ್ ಬರೆದರು. ಯೋಗ್ಯ ಕೇಸಲ್ಲ ಎಂದು ಮೇಲಿನವರು ಕೈತೊಳೆದುಕೊಂಡರು. ಬಟ್ಟೆ ಮುಳ್ಳಿನ ಮೇಲೆ ಬಿದ್ದರೂ ಮುಳ್ಳು ಬಟ್ಟೆಯ ಮೇಲೆ ಬಿದ್ದರೂ ಹರಿಯುವುದು ಬಟ್ಟೆಯೇ ಎಂದು ನಮ್ಮಮ್ಮ ಪುರಾಣ ತೆಗೆದಾಗ, ಹಾಗಾದರೆ ಮುಳ್ಳನ್ನು ಕೀಳುವ ಗಾದೆ ಯಾಕಿಲ್ಲ ಎಂದು ರೇಗಿ ಊಟ ಬಿಟ್ಟು ಎದ್ದೆ. ಹುಡುಗಿಗೆ ಟೈಪಿಸ್ಟ್ ಕೆಲಸ ಯಾರೂ ಕೊಡಲಿಲ್ಲ. ಆ ಕೇಸಿನವಳಾ ಎಂದು ಕೇಳಿ ಕಳಿಸುತ್ತಿದ್ದರು. ಕೊನೆಗೆ ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಸೇರಿದಳು. ಅವಳ ಆ ವೇಗದ ಬೆರಳುಗಳಿಗೆ ಕಪ್ಪು ಅಂಟಿಕೊಂಡಿತು.

ಮುಂದಿನ ವರ್ಷದ ಹೊತ್ತಿಗೆ ಅವನ ಮೇಲೆ ಎರಡನೇ ದೂರು ಬಂತು. ಬೀಗದ ಕೈ ಹಿಡಿದಿದ್ದ ಆ ಚಿಕ್ಕ ಹುಡುಗಿಯದೇ. ಅವಳ ತಾಯಿಯನ್ನು ಹುಡುಕಿಕೊಂಡು ಮೊದಲು ಹೋದವಳು ನಮ್ಮ ಹುಡುಗಿಯ ತಾಯಿ. "ಏನ್ ಕೊಟ್ಟಿದ್ರೂ ಇಟ್ಕೊಳಿ, ದೇವ್ರಿಗೆ ಹಾಕ್ಬೇಡಿ" ಎಂದು ಹೇಳಿಬಂದಳು. ಹೀಗಾಗಿ ಒಂದು ಕೈಗಡಿಯಾರ ಪೊಲೀಸರ ಕೈಗೆ ಸಿಕ್ಕಿತು. ಅದನ್ನು ಮಾರಿದ್ದ ಅಂಗಡಿಯವನಿಗೂ ಈ ಸಲ ನೆನಪಿತ್ತು. ಅದೇ ಕೋರ್ಟ್ ಹಾಲ್, ಅದೇ ಜಡ್ಜ್, ಅದೇ ನಗುಮುಖದ ವಕೀಲ.

ಸಾಕ್ಷಿಯ ದಿನ ಬೆಳಿಗ್ಗೆ ನಮ್ಮ ಹುಡುಗಿ ಕಾರ್ಖಾನೆಗೆ ರಜೆ ಹಾಕಿ ಬಂದಳು. ಯಾರೂ ಕರೆದಿರಲಿಲ್ಲ. ವರಾಂಡದ ಬೆಂಚಿನ ಮೇಲೆ ಆ ಚಿಕ್ಕವಳ ಪಕ್ಕದಲ್ಲಿ ಕೂತು, ನನ್ನನ್ನು ನೋಡಿ, "ಅಕ್ಕ, ನೀವು ಸ್ವಲ್ಪ ಆ ಕಡೆ ಹೋಗಿ" ಎಂದಳು. ವಕೀಲರ ಕಿವಿಗೆ ಬೀಳಬಾರದ್ದು ಏನೋ ಇದೆಯೆಂದು ಗೊತ್ತಾಯಿತು. ನಾನು ಕಂಬದ ಆಚೆ ಹೋದೆ. ಕಂಬ ಅಷ್ಟೇನೂ ದೂರವಿರಲಿಲ್ಲ.

"ಅಳ್ಬೇಕು ನೀನು" ಎನ್ನುತ್ತಿದ್ದಳು. "ಶುರುವಲ್ಲೇ ಅತ್ರೆ ನಾಟಕ ಅಂತಾರೆ. ಗಡಿಯಾರದ ವಿಷಯ ಕೇಳ್ದಾಗ ಅಳಬೇಡ. ಅಮ್ಮನ ವಿಷಯ ಬರತ್ತಲ್ಲ, ಆಗ ಅಳು. ಬರ್ಲಿಲ್ಲ ಅಂದ್ರೆ ತೊಡೆ ಚಿವುಟ್ಕೋ, ಗಟ್ಟಿಯಾಗಿ. ಕಟಕಟೆ ಅಡ್ಡ ಇರತ್ತೆ, ಕಾಣಲ್ಲ. ಅವನ ಕಡೆ ನೋಡ್ಬೇಡ. ನೆಲ ನೋಡು. ಗೋಡೆ ನೋಡ್ಬೇಡ."

"ನಂಗೆ ಅಳು ಬರಲ್ಲ ಅಕ್ಕ, ಸಿಟ್ಟು ಬರತ್ತೆ."

"ನಂಗೂ ಹಂಗೇ ಆಗಿದ್ದು. ಸಿಟ್ಟು ಬಂದಾಗ್ಲೂ ಚಿವುಟ್ಕೋ."

ಚಿಕ್ಕವಳು ಚಿವುಟಿಕೊಂಡಳು. ಸಾಕ್ಷಿ ಮುಗಿದ ಮೇಲೆ ಹೆಂಗಸರ ರೂಮಿನಲ್ಲಿ ಆ ಗುರುತು ನನಗೆ ತೋರಿಸಿದಳು, ಉಗುರು ಇಳಿದು ರಕ್ತ ಬಂದಿತ್ತು. ಒಳಗೆ ಅವಳು ಬಿಕ್ಕಿದ್ದೇ ತಡ, ಜಡ್ಜ್ ನೀರು ತರಿಸಿದರು. ಬೆಂಚಿನವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಸಿದರು. ವಕೀಲನಿಗೆ ಮೆತ್ತಗೆ ಮಾತಾಡಿ ಎಂದು ಗದರಿಸಿದರು. ತಮ್ಮ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ನನಗೆ ಆ ಮನುಷ್ಯನ ಮೇಲೆ ಮೊದಲ ಸಲಕ್ಕಿಂತ ಹೆಚ್ಚು ಕೋಪ ಬಂದದ್ದು ಆಗಲೇ. ಇಷ್ಟೆಲ್ಲ ಕರುಣೆ ಅವರ ಹತ್ತಿರ ಮೊದಲೇ ಇತ್ತು. ಒಂದು ಮಗು ಕಣ್ಣೀರು ತೆತ್ತರೆ ಮಾತ್ರ ಹೊರಗೆ ತೆಗೆಯುತ್ತಿದ್ದರು.

ಎರಡು ಕೇಸುಗಳ ನಡುವಿನ ವ್ಯತ್ಯಾಸ ಅಳು ಮಾತ್ರ ಎಂದರೆ ಸುಳ್ಳಾಗುತ್ತದೆ. ಗಡಿಯಾರವಿತ್ತು, ಅಂಗಡಿಯವನಿದ್ದ. ಆದರೆ ತೀರ್ಪಿನಲ್ಲಿ ಗಡಿಯಾರಕ್ಕೆ ಸಿಕ್ಕಿದ್ದು ಒಂದು ಸಾಲು, ಕಣ್ಣೀರಿಗೆ ಒಂದು ಪೂರ್ತಿ ಪ್ಯಾರಾ. ತೀರ್ಪಿನ ದಿನ ಮೇಷ್ಟ್ರಿಗೆ ಏಳು ವರ್ಷ ಜೈಲಾಯಿತು. ಪೊಲೀಸರು ಕೈ ಹಿಡಿದಾಗ ಅವನೇ ಅತ್ತ. ಅವನ ಅಳುವಿಗೆ ಜಡ್ಜ್ ತಲೆ ಎತ್ತಿ ನೋಡಲಿಲ್ಲ, ಅಷ್ಟರಮಟ್ಟಿಗೆ ನ್ಯಾಯ ನಡೆಯಿತು. ಚಿಕ್ಕವಳ ತಾಯಿ ನಮ್ಮ ಹುಡುಗಿಯನ್ನು ತಬ್ಬಿಕೊಂಡು ದೇವರು ಬಂದಂತೆ ಬಂದೆ ಎಂದಳು. ದೇವರ ಮಾತು ಬೇಡ ಎನ್ನುವಂತೆ ಹುಡುಗಿ ನಿಧಾನವಾಗಿ ಬಿಡಿಸಿಕೊಂಡಳು.

ಎಲ್ಲರೂ ಹೋದ ಮೇಲೆ ಅವಳು ನನ್ನ ಹತ್ತಿರ ಬಂದಳು. ಮುಖದಲ್ಲಿ ನಗುವಿತ್ತು. ಆ ಎರಡು ಮೂರು ವರ್ಷಗಳಲ್ಲಿ ನಾನು ಕಂಡ ಅವಳ ಮೊದಲ ನಗು.

"ಏಳು ವರ್ಷ ಅಂದ್ರಲ್ಲ ಅಕ್ಕ, ಅದ್ರಲ್ಲಿ ನಂದೂ ಸೇರಿದ್ಯಾ?"

ಕಾನೂನು ಗೊತ್ತಿಲ್ಲದವಳು, ಸಹಜವಾಗಿ ಕೇಳಿದಳು. ಒಂದೇ ಮನುಷ್ಯ, ಒಂದೇ ಮಹಡಿ, ಒಂದೇ ಬೀಗದ ಕೈ. ಸೇರಿರಬೇಕಲ್ಲವೇ ಎಂಬುದು ಅವಳ ಲೆಕ್ಕ. ನಾನು ಬೇರೆ ಏನೇನೋ ಹೇಳಲು ಬಾಯಿ ತೆರೆದೆ. ಅವಳು ಕಾಯುತ್ತಿದ್ದಳು.

"ಇಲ್ಲ" ಎಂದೆ. "ಇದು ಅವಳದ್ದು ಮಾತ್ರ."

"ಮತ್ತೆ ನಂಗೆ ಮಾಡಿದ್ದಕ್ಕೆ?"

"ನಿನ್ನ ಕೇಸಲ್ಲಿ ಅವನು ಬಿಡುಗಡೆಯಾಗಿದಾನಲ್ಲ. ಅದು ಮುಗೀತು. ಅದಕ್ಕೆ ಏನೂ ಇಲ್ಲ."

ಅವಳು ಹೂಂ ಎಂದಳು. ನನ್ನೆದುರಿಗೇ, ಸೀರೆಯ ನೆರಿಗೆಯ ಮೇಲಿಂದ, ಅವಳ ಬೆರಳುಗಳು ತೊಡೆಯನ್ನು ಹಿಡಿದು ಗಟ್ಟಿಯಾಗಿ ತಿರುವಿದವು. ಕಣ್ಣಲ್ಲಿ ನೀರು ಬರಲಿಲ್ಲ. ಸ್ವಲ್ಪ ಹೊತ್ತು ನೋಡಿ ಕೈ ಬಿಟ್ಟಳು. ಮಧ್ಯಾಹ್ನದ ಪಾಳಿಗಾದರೂ ಹೋದರೆ ಅರ್ಧ ದಿನದ ಕೂಲಿ ಉಳಿಯುತ್ತದೆ ಎಂದು ಹೇಳಿ ಬಸ್ ಸ್ಟಾಪಿನ ಕಡೆ ಹೊರಟಳು.